ನೂರು ಕಿಲೋಮೀಟರಿನ ಮಂಡಕ್ಕಿ ಸವಾರಿ

ಅಳತೆಯಿಲ್ಲದ ಯಾವುದನ್ನೂ ನಾನು ನಂಬುವವನಲ್ಲ! ಸರ್ವೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಚೈನು ಎಳೆದ ತಿಪ್ಪೇಶಪ್ಪ ನಾನು. ಜಗಳೂರು ಸೀಮೆಯಲ್ಲಿ ನಾನು ಹೊಲಕ್ಕೆ ಇಳಿದರೆ ಸಾಕು, ಗಡಿಯ ಬಾಂದುಕಲ್ಲುಗಳು ಹೆದರಿ ತಾವಾಗಿಯೇ ಎದ್ದು, ಸರಿಯಾದ ಜಾಗಕ್ಕೆ ಹೋಗಿ ಕೂತುಕೊಳ್ಳುತ್ತಿದ್ದವು. ಇಂಥವನು ನಿವೃತ್ತನಾಗಿ ನ್ಯಾಮತಿಯಲ್ಲಿ ಮನೆ ಮಾಡಿ, ಸಕ್ಕರೆ ಕಾಯಿಲೆಯ ದೆಸೆಯಿಂದ ದಿನಾ ಬೆಳಿಗ್ಗೆ ಸೈಕಲ್ ತುಳಿಯುವಾಗ, ಆ ತುಳಿತಕ್ಕೇ ಲೆಕ್ಕವಿಲ್ಲವೆಂದರೆ ಹೇಗೆ? ಆದ್ದರಿಂದ ಒಂದು ಸೋಮವಾರ ಹಲ್ಲುಜ್ಜುತ್ತ ಉಜ್ಜುತ್ತಲೇ ಭೀಷಣ ಪ್ರತಿಜ್ಞೆ ಮಾಡಿದೆ: ನನ್ನ ಸೈಕಲ್ಲಿಗೊಂದು ಜಿಪಿಎಸ್ ಕಂಪ್ಯೂಟರ್ ಕೊಳ್ಳದೆ ಬಿಡುವುದಿಲ್ಲ!

ಈ ಹುಳು ನನ್ನ ತಲೆಗೆ ಬಿಟ್ಟವನು ಅಳಿಯ ಪ್ರದೀಪ್. ಚನ್ನಗಿರಿಯಲ್ಲಿ ಅವನ ಮನೆ. ಭಾನುವಾರ ಬಂತೆಂದರೆ ಬಿಗಿ ಚಡ್ಡಿ ಹಾಕಿಕೊಂಡು ತ್ಯಾವಣಿಗೆ, ಕತ್ತಲಗೆರೆ ಎಂದು ಸೈಕಲ್ ತುಳಿಯುತ್ತಾನೆ. ಅವನ ಹ್ಯಾಂಡಲ್ಲಿನ ನಡುವೆ ಬೆಂಕಿಪೊಟ್ಟಣದ ಅಣ್ಣನಂಥದ್ದೊಂದು ಡಬ್ಬಿ. ಎಷ್ಟು ದೂರ ಹೋದೆ, ಎಷ್ಟು ಜೋರು ಹೋದೆ, ಎಷ್ಟು ಏರು ಹತ್ತಿದೆ ಎಂದೆಲ್ಲ ಅದು ಹೇಳುತ್ತದೆ. ಎದೆಗೊಂದು ಬೆಲ್ಟು ಕಟ್ಟಿಕೊಂಡರೆ ಎದೆ ಎಷ್ಟು ಸಲ ಬಡಿಯಿತೆಂಬುದನ್ನೂ ಬಿಡುವುದಿಲ್ಲ. ಆಕಾಶದಲ್ಲಿ ಸುತ್ತುವ ಉಪಗ್ರಹಗಳೆಲ್ಲ ತಮ್ಮ ಕೆಲಸ ಬಿಟ್ಟು ನನ್ನ ಅಳಿಯನ ಬೆನ್ನು ಹತ್ತಿವೆ! ಮಾವನ ಬೆನ್ನು ಹತ್ತಲು ಒಂದೂ ಇಲ್ಲ! ನನಗೆ ತಡೆಯಲಿಲ್ಲ.

ಬಾಯಿ ತೊಳೆದು ಒಳಗೆ ಬಂದವನೇ ಹೆಂಡತಿ ಗಾದ್ರಮ್ಮನ ಮುಂದೆ ಮಸೂದೆ ಮಂಡಿಸಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸೈಕಲ್ಲಿಗೆ ಕಂಪ್ಯೂಟರ್ ಯಾಕ್ರೀ? ಅದೇನು ಪರೀಕ್ಷೆ ಬರೀತೈತಾ?”

“ದಾರಿ ತೋರಿಸ್ತೈತೆ ಕಣೆ!”

“ನೀವು ಹೋಗೋದು ಸುರಹೊನ್ನೆಗೆ. ಬರೋದು ಸುರಹೊನ್ನೆಯಿಂದ. ಅದರಾಗೆ ತಪ್ಪಿಸ್ಕೊಳ್ಳಾಕೆ ಎಷ್ಟು ದಾರಿ ಅದಾವೆ?”

“ದೂರ ಅಳೀತೈತೆ. ದಿನಾ ಇಪ್ಪತ್ತು ಕಿಲೋಮೀಟರ್ ತುಳೀತೀನಲ್ಲ, ಅದಕ್ಕೊಂದು ದಾಖಲೆ ಬ್ಯಾಡವಾ?”

“ಇಪ್ಪತ್ತು?” ಈಗ ತಲೆ ಎತ್ತಿದಳು. “ಇಪ್ಪತ್ತು ತುಳಿದೋರು ಹೊಟ್ಟೆ ಮುಂದಿಟ್ಕಂಡು ಹಿಂಗೆ ನಿಂತ್ಕಳಲ್ಲ.”

“ಬೇಕಾದ್ರೆ ಆ ಯಂತ್ರದ ಕೈಯಾಗೇ ಹೇಳಿಸ್ತೀನಿ!”

ಮಾತು ಬಾಯಿಂದ ಜಾರಿತು. ಗಾದ್ರಮ್ಮ ಜಾರಿದ್ದನ್ನು ಕೆಳಗೆ ಬೀಳಲು ಬಿಡುವವಳಲ್ಲ, ಸೆರಗಿನಲ್ಲಿ ಹಿಡಿದುಕೊಂಡಳು.

“ಆಯ್ತು. ಅಳಿಯಂದ್ರದ್ದು ಎಂಟು ದಿನಕ್ಕೆ ಇಸ್ಕಂಡು ಬರ್ರಿ. ಎಂಟು ದಿನದಾಗೆ ಆ ಡಬ್ಬಿ ನೂರು ಕಿಲೋಮೀಟರ್ ತೋರಿಸಿದ್ರೆ ನಾನೇ ಮುಂದೆ ನಿಂತು ಕೊಡಿಸ್ತೀನಿ. ತೋರಿಸಲಿಲ್ಲ ಅಂದ್ರೆ ಡಬ್ಬಿ ಮಾತು ಬಂದ್! ಸೈಕಲ್ಲೂ ಜಗಳೂರಿಗೆ ನಮ್ಮ ತಮ್ಮನ ಮನೆಗೆ ಹೋಗ್ತೈತೆ. ನೀವು ನನ್ನ ಜೊತೆ ನಡ್ಕಂಡು ಬರ್ತೀರಿ. ಗುಡಿಗೆ.”

ಹೆಂಡತಿಯ ಜೊತೆ ನಡೆಯುವುದೆಂದರೆ ಸುರಹೊನ್ನೆಯ ಹೋಟೆಲ್ ಬಂದ್. ಹೋಟೆಲ್ ಬಂದ್ ಎಂದರೆ ಮಿರ್ಚಿ ಬಂದ್. ಡಾಕ್ಟರು ಆರು ತಿಂಗಳ ಹಿಂದೆಯೇ ಎಣ್ಣೆಯಲ್ಲಿ ಕರಿದ ಮಿರ್ಚಿ ಬಜ್ಜಿಯನ್ನು ನಿಷೇಧಿಸಿದ್ದರು. ಅವರ ಮಾತಿಗೆ ಗೌರವ ಕೊಟ್ಟು ನಾನು ಮನೆಯಲ್ಲಿ ಒಂದೂ ತಿಂದಿರಲಿಲ್ಲ. ಮನೆಯಿಂದ ಮೂರು ಕಿಲೋಮೀಟರ್ ಆಚೆ ಡಾಕ್ಟರ ಮಾತು ನಡೆಯುವುದಿಲ್ಲವೆಂಬುದು ನನ್ನ ಖಾಸಗಿ ಕಾನೂನು!

ಆದರೂ ಮೀಸೆ ತಿರುವಿ ‘ಒಪ್ಪಿದೆ’ ಎಂದುಬಿಟ್ಟೆ. ನೂರನ್ನು ಎಂಟರಿಂದ ಭಾಗಿಸಿದರೆ ದಿನಕ್ಕೆ ಹನ್ನೆರಡೂವರೆ. ಇಪ್ಪತ್ತು ತುಳಿಯುವ ವೀರನಿಗೆ ಹನ್ನೆರಡೂವರೆ ಯಾವ ಲೆಕ್ಕ?

ಅಳಿಯ ಡಬ್ಬಿಯನ್ನು ತಂದು ತಾನೇ ಕೂರಿಸಿದ. ಅದಕ್ಕೆ ಒಳಗೇ ಒಂದು ಸಿಮ್ಮಂತೆ. ಏನೇನೋ ಒತ್ತಿದ. ಅತ್ತೆಯ ಫೋನಿಗೂ ಏನೋ ಕಳಿಸಿದ. ನಾನು ಆ ಕಡೆ ಗಮನ ಕೊಡಲಿಲ್ಲ. ದೊಡ್ಡ ಕಾರ್ಯಕ್ಕೆ ಹೊರಟವನು ಸಣ್ಣಪುಟ್ಟದ್ದನ್ನೆಲ್ಲ ಕೇಳುತ್ತ ಕೂರುವುದಿಲ್ಲ.

ಮೊದಲ ದಿನ. ಎದೆಗೆ ಬೆಲ್ಟು ಬಿಗಿದು, ದಂಡಯಾತ್ರೆಗೆ ಹೊರಟ ಪಾಳೆಯಗಾರನಂತೆ ಸೈಕಲ್ ಏರಿದೆ. ನಡುದಾರಿಯಲ್ಲಿ ಒಂದು ನಾಯಿ ಬೆನ್ನು ಹತ್ತಿತು. ಆ ಅರ್ಧ ಫರ್ಲಾಂಗಿನಲ್ಲಿ ನನ್ನ ವೇಗ ಕಂಡು ಉಪಗ್ರಹವೊಂದು ಬೆಚ್ಚಿ ತನ್ನ ಕಕ್ಷೆ ಬಿಟ್ಟು ಪಕ್ಕಕ್ಕೆ ಸರಿದಿರಬೇಕು! ಸುರಹೊನ್ನೆಗೆ ಹೋಗಿ, ವಿಶ್ರಾಂತಿ ಪಡೆದು, ಮನೆಗೆ ಬಂದು ನೋಡಿದೆ. ಡಬ್ಬಿಯ ಮೇಲೆ: ಆರು.

ಆರು! ನನ್ನ ಇಪ್ಪತ್ತು ಎಲ್ಲಿ ಹೋಯಿತು? ಹದಿನಾಲ್ಕು ಕಿಲೋಮೀಟರನ್ನು ಯಾರು ಒತ್ತುವರಿ ಮಾಡಿದರು? ಅಳಿಯನಿಗೆ ಫೋನು ಹಚ್ಚಿದೆ.

“ಪ್ರದೀಪಾ, ನಿನ್ನ ಉಪಗ್ರಹಕ್ಕೆ ಅಳತೆ ಬರಲ್ಲ ಕಣಪ್ಪ. ನಾನು ಚೈನು ಹಿಡಿದು ತೋರಿಸ್ಲಾ?”

“ಮಾವಾ, ಅದು ಒಂದೆರಡು ಮಾರು ಹೆಚ್ಚುಕಮ್ಮಿ ಆಗಬೋದು. ಹದಿನಾಲ್ಕು ಕಿಲೋಮೀಟರ್ ಹೆಂಗೆ ಆಗ್ತೈತೆ?”

ಅಷ್ಟರಲ್ಲಿ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ನಿಮ್ಮ ದೇಹಕ್ಕೆ ವಿಶ್ರಾಂತಿ ಬೇಕು, ಎಪ್ಪತ್ತೆರಡು ಗಂಟೆ! ಆ ಕ್ಷಣವೇ ಯಂತ್ರದ ಮೇಲೆ ನನಗೆ ಮತ್ತೆ ಗೌರವ ಹುಟ್ಟಿತು. ಅಳತೆ ಬಾರದಿದ್ದರೂ ಅಂತಃಕರಣ ಇದೆ! ಸರ್ಕಾರಿ ನೌಕರನಾದವನು ಲಿಖಿತ ಆದೇಶವನ್ನು ಮೀರುವುದುಂಟೇ? ಮಂಚದ ಮೇಲೆ ಮಲಗಿದವನು ಮೂರು ದಿನ ಏಳಲಿಲ್ಲ.

“ಆರು ಕಿಲೋಮೀಟರ್ ತುಳಿದು ಮೂರು ದಿನ ಮಲಗ್ತೀರಲ್ರೀ! ಬಾಣಂತಿ ಸೈತ ಹಿಂಗೆ ಮಲಗಲ್ಲ!” ಎಂದಳು ಗಾದ್ರಮ್ಮ.

“ನಾನಲ್ಲ ಕಣೆ, ಯಂತ್ರ ಹೇಳೈತೆ.”

“ಕಸ ಹೊರಗೆ ಹಾಕ್ರಿ ಅಂತ ನಾನು ಹೇಳಿದ್ದು ಮೂರು ದಿನದಿಂದ ಕೇಳಿಸಿಲ್ಲ. ಯಂತ್ರ ಹೇಳಿದ್ದು ಮಾತ್ರ ಕೇಳಿಸ್ತೈತೆ!”

ನಾಲ್ಕು ದಿನ ಹೀಗೆ ಕೈಬಿಟ್ಟವು. ಐದನೆಯ ದಿನ ಎಚ್ಚರವಾಯಿತು. ಐದು, ಆರು, ಏಳು, ಈ ಮೂರು ದಿನ ನಾನು ತುಳಿದದ್ದು ಈ ಜನ್ಮದ್ದಲ್ಲ. ಎರಡು ಹೊತ್ತೂ ತುಳಿದೆ. ಉಸಿರಾಟ ಕೇಳಿ ರಸ್ತೆ ಬದಿಯ ಎಮ್ಮೆಗಳು ರೈಲು ಬಂತೆಂದು ದಾರಿ ಬಿಟ್ಟವು. ತೊಡೆಗಳು ನನ್ನವೋ ಪಕ್ಕದ ಮನೆಯವರವೋ ಎಂಬ ಗುರುತೇ ಸಿಗದಾಯಿತು. ಏಳನೆಯ ದಿನ ಸಂಜೆ ಡಬ್ಬಿ ತೋರಿಸಿದ್ದು ಎಪ್ಪತ್ತಮೂರು. ಇನ್ನೂ ಇಪ್ಪತ್ತೇಳು! ಉಳಿದದ್ದು ಒಂದೇ ದಿನ! ಎಂಟನೆಯ ದಿನ ಬೆಳಿಗ್ಗೆ ಅಳಿಯ ಡಬ್ಬಿ ಒಯ್ಯಲು ಚನ್ನಗಿರಿಯಿಂದ ಬರುವವನಿದ್ದ.

ಎಂಟನೆಯ ದಿನ ಏಳು ಗಂಟೆಗೆ, “ಒಂಬತ್ತಕ್ಕೆಲ್ಲ ಬಂದು ಬಿಡ್ತೀನಿ, ನೂರು ಹೊತ್ಕಂಡೇ ಬರ್ತೀನಿ!” ಎಂದು ಹೆಂಡತಿಗೆ ಕೂಗಿ ಹೇಳಿ ಹೊರಟೆ. ಫೋನನ್ನು ಚಾರ್ಜಿಗೆ ಹಾಕಿದ್ದು ಹಾಗೇ ಉಳಿಯಿತು. ಸುರಹೊನ್ನೆಯ ಹೋಟೆಲ್ ಮುಟ್ಟುವಷ್ಟರಲ್ಲಿ ಎರಡೂ ಮೊಣಕಾಲು ಮುಷ್ಕರ ಹೂಡಿದವು. ಬೆಂಚಿನ ಮೇಲೆ ಕುಸಿದೆ. ಮಿರ್ಚಿ ತಾನಾಗಿಯೇ ಬಂತು.

ಆಗ ಬಂದ ನೋಡಿ ಮುತ್ತುರಾಜ್! ಭಟ್ಟಿಯಿಂದ ಹುರಿದ ಮಂಡಕ್ಕಿ ತಂದು ಹಳ್ಳಿ ಹಳ್ಳಿ ಅಂಗಡಿಗಳಿಗೆ ಹಾಕುವವನು. ಅವನ ಟಿವಿಎಸ್ಸು ದೂರದಿಂದ ಕಾಣುವುದೇ ಇಲ್ಲ. ಚೀಲಗಳ ಬಿಳಿ ಗುಡ್ಡವೊಂದು ತಾನೇ ತಾನಾಗಿ ರಸ್ತೆಯ ಮೇಲೆ ಬರುತ್ತಿದೆ ಎನಿಸುತ್ತದೆ.

“ಎತ್ತ ಕಡೆ ಸವಾರಿ ಮುತ್ತಣ್ಣಾ?”

“ಸೂರಗೊಂಡನಕೊಪ್ಪ ಮುಗಿಸ್ಕಂಡು ಹೊನ್ನಾಳಿಗೆ ಸಾರ್. ತಿರುಗಿ ಇಲ್ಲಿಗೇ. ಹತ್ತೂವರೆಗೆ ಬಂದು ಬಿಡ್ತೀನಿ.”

ನನ್ನೊಳಗಿನ ಸರ್ವೇಯರ್ ಎದ್ದು ಕೂತ. ಮನಸ್ಸಿನಲ್ಲೇ ಅಳೆದ. ಹೋಗಿ ಬರುವುದು ನಲವತ್ತಕ್ಕೆ ಮೋಸವಿಲ್ಲ! ಇನ್ನು ಧರ್ಮಸೂಕ್ಷ್ಮ. ಗಾದ್ರಮ್ಮ ಹೇಳಿದ್ದೇನು? ‘ಆ ಡಬ್ಬಿ ನೂರು ತೋರಿಸಬೇಕು’ ಎಂದು. ‘ನೀವು ನೂರು ತುಳಿಯಬೇಕು’ ಎಂದಳೇ? ಇಲ್ಲ! ಮೂವತ್ತಾರು ವರ್ಷ ಒಂದು ಅಂಗುಲ ಸುಳ್ಳು ಬರೆಯದವನು ನಾನು. ಈಗಲೂ ಬರೆಯುತ್ತಿಲ್ಲ. ಡಬ್ಬಿ ನಿಜವಾಗಿಯೂ ಹೋಗುತ್ತದೆ. ನಾನು ಮಾತ್ರ ಹೋಗುವುದಿಲ್ಲ, ಅಷ್ಟೆ!

“ಮುತ್ತಣ್ಣಾ, ಇದನ್ನ ಸ್ವಲ್ಪ ಜೊತೆಗೆ ಕರ್ಕಂಡು ಹೋಗಿ ಬಾರಪ್ಪಾ.”

ಮುತ್ತುರಾಜ್ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಗಾಳಿ ಸವಾರಿಗೇನು ಸಾರ್?”

“ಹೂಂ ಅನ್ಕ. ಅದಕ್ಕೆ ಗಾಳಿ ಬೇಕಾಗೈತೆ.”

ಅವನ ಅಂಗಿಯ ಜೇಬು ಹರಿದಿತ್ತು. ಹ್ಯಾಂಡಲ್ಲಿನಲ್ಲಿ ಜಾಗವಿರಲಿಲ್ಲ. ಕಟ್ಟಕಡೆಯ ಚೀಲದ ಬಾಯಿ ಬಿಚ್ಚಿ, ಮಂಡಕ್ಕಿಯೊಳಗೆ ಮೊಳಕೈವರೆಗೆ ಕೈ ಇಳಿಸಿ ಡಬ್ಬಿಯನ್ನು ಹುಗಿದು, ಮತ್ತೆ ಕಟ್ಟಿದ. “ಹತ್ತಿ ಒಳಗೆ ಇಟ್ಟಂಗೆ ಐತೆ ಸಾರ್. ಇದು ಹೊನ್ನಾಳಿಯಾಗೆ ಖಾಲಿ ಆಗದಿದ್ರೆ ವಾಪಸ್ ಬರೋ ಚೀಲ. ದಿನಾ ಒಂದು ಉಳ್ದೇ ಉಳೀತೈತೆ” ಎಂದು ಗಾಡಿ ಬಿಟ್ಟ.

ನಾನು ಎರಡನೆಯ ಮಿರ್ಚಿಗೆ ಕೈ ಹಾಕಿದೆ. ಕೂತಲ್ಲೇ ಕಿಲೋಮೀಟರುಗಳು ಬೆಳೆಯುತ್ತಿದ್ದವು. ವಿಜ್ಞಾನ ಎಷ್ಟು ಮುಂದುವರಿದಿದೆ!

ಈಗ ನಮ್ಮ ಮನೆಯ ಕಥೆ ಕೇಳಿ. ಇದು ನನಗೆ ಆಮೇಲೆ ಗೊತ್ತಾದದ್ದು. ಆಮೇಲೆ ಎಂದರೆ ಈಗಲೂ ದಿನಕ್ಕೆರಡು ಸಲ ಗೊತ್ತಾಗುತ್ತಲೇ ಇರುತ್ತದೆ!

ಒಂಬತ್ತಾಯಿತು, ಒಂಬತ್ತೂಮುಕ್ಕಾಲಾಯಿತು, ಗಂಡನ ಸುಳಿವಿಲ್ಲ. ಫೋನ್ ಹಚ್ಚಿದರೆ ಅದು ಮನೆಯ ಗೋಡೆಯಲ್ಲೇ ಕೂಗಿಕೊಂಡಿತು. ಆಗ ಗಾದ್ರಮ್ಮನಿಗೆ ಅಳಿಯ ಕಳಿಸಿದ್ದು ನೆನಪಾಯಿತು. ಅದನ್ನು ಒತ್ತಿದರೆ, ಡಬ್ಬಿ ಎಲ್ಲಿದೆಯೋ ಅಲ್ಲಿ ನಕ್ಷೆಯ ಮೇಲೊಂದು ಕೆಂಪು ಚುಕ್ಕೆ ಕಾಣುತ್ತದಂತೆ. ಏಳು ದಿನ ಆಕೆ ಅದನ್ನು ಮುಟ್ಟಿರಲಿಲ್ಲ. ಪಕ್ಕದ ಮನೆಯ ಶಂಕ್ರಮ್ಮನನ್ನು ಕೂರಿಸಿಕೊಂಡು ಈಗ ಒತ್ತಿದಳು.

“ಹೊನ್ನಾಳಿಯಾಗೆ ಅದಾರೆ!” ಗಾದ್ರಮ್ಮ ಬೆರಗಾದಳು. “ಖರೇನೇ ತುಳಿದಾರಲ್ಲೇ ಶಂಕ್ರಮ್ಮಾ! ಪಾಪ, ಸುಮ್ಮನೆ ಬೈದೆ.”

“ಯಾರದೋ ಮನೆ ಮುಂದೆ ನಿಂತಾರಲ್ಲವ್ವಾ. ಇದೇನಿದು ಕೆಳಗೆ? ಎದೆಬಡಿತ ಅಂತ ಹಾಕಿ ಪಕ್ಕಕ್ಕೆ ಸೊನ್ನೆ ಐತೆ.”

ಬೆಲ್ಟು ಸುರಹೊನ್ನೆಯಲ್ಲಿ ನನ್ನ ಎದೆಯ ಮೇಲೆ, ಡಬ್ಬಿ ಹೊನ್ನಾಳಿಯಲ್ಲಿ ಮಂಡಕ್ಕಿಯೊಳಗೆ. ಸೊನ್ನೆ ಬಾರದೆ ಇನ್ನೇನು ಬಂದೀತು? ಆದರೆ ಅದು ಆ ಇಬ್ಬರಿಗೆ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಚುಕ್ಕೆ ಅಲುಗಿತು. ಗಂಟೆಗೆ ಎರಡು ಕಿಲೋಮೀಟರ್ ವೇಗ. ಸ್ವಲ್ಪ ಹೋಗುವುದು, ನಿಲ್ಲುವುದು. ಮತ್ತೆ ಸ್ವಲ್ಪ ಹೋಗುವುದು, ನಿಲ್ಲುವುದು. ಗಾದ್ರಮ್ಮ, “ಸೈಕಲ್ ಪಂಚರ್ ಆಗೈತೆ, ತಳ್ಳಿಕೊಂಡು ಹೊಂಟಾರೆ” ಎಂದಳು. ಶಂಕ್ರಮ್ಮ ಬಹಳ ಹೊತ್ತು ದಿಟ್ಟಿಸಿ ನೋಡಿದಳು. ಅರವತ್ತು ವರ್ಷದಲ್ಲಿ ಎಷ್ಟೋ ಕಂಡ ಕಣ್ಣು ಅದು.

“ಗಾದ್ರವ್ವಾ… ಇದು ತಳ್ಳೋ ನಡಿಗೆ ಅಲ್ಲ ಕಣೆ. ಹೊತ್ಕಂಡು ಹೋಗೋ ನಡಿಗೆ!”

ಚುಕ್ಕೆ ಹೊಳೆಯ ಕಡೆ ತಿರುಗಿತು. ಮೆಲ್ಲಗೆ, ಗಂಭೀರವಾಗಿ ಸಾಗಿ, ಒಂದು ಕಡೆ ನಿಂತೇಬಿಟ್ಟಿತು. ಅಲ್ಲಿ ನಕ್ಷೆಯ ಮೇಲೆ ಅಚ್ಚ ಕನ್ನಡದಲ್ಲಿ ಬರೆದಿತ್ತು: ರುದ್ರಭೂಮಿ.

ಎದೆಬಡಿತ, ಸೊನ್ನೆ.

ಇತ್ತ ಸುರಹೊನ್ನೆಯಲ್ಲಿ ನಾನು ನಾಲ್ಕನೆಯ ಮಿರ್ಚಿ ಮುಗಿಸಿ ಕೈ ಒರೆಸಿಕೊಳ್ಳುವಾಗ ಮುತ್ತುರಾಜ್ ಬಂದ. ಗಾಡಿಯ ಮೇಲೆ ಗುಡ್ಡವಿಲ್ಲ. ಒಂದು ಚೀಲವೂ ಇಲ್ಲ!

“ಡಬ್ಬಿ ಎಲ್ಲಪ್ಪಾ?”

ಅವನು ಕೈಯನ್ನು ಬಾಯಿಗೆ ಇಟ್ಟುಕೊಂಡ. “ಅಯ್ಯಯ್ಯೋ ಸಾರ್! ಮರ್ತೇಬಿಟ್ಟೆ! ಹೊನ್ನಾಳಿಯಾಗೆ ಲಕ್ಷ್ಮಮ್ಮಜ್ಜಿ ಅಂತ ತೊಂಬತ್ತಾರು ವರ್ಷದೋರು ತೀರ್ಕಂಡಿದ್ರು. ಮೆರವಣಿಗೆಗೆ ಮಂಡಕ್ಕಿ ಬೇಕಂತ ಓಡಿ ಬಂದ್ರು. ದುಃಖದ ಮನೆ, ಹೆಂಗೆ ಇಲ್ಲ ಅನ್ಲಿ? ಚೀಲ ಎತ್ತಿ ಕೊಟ್ಟುಬಿಟ್ಟೆ!”

ನನ್ನ ಜೀವವೇ ಹೋಯಿತು. ನಮ್ಮ ಕಡೆ ಹೆಣದ ಮುಂದೆ ದಾರಿಯುದ್ದಕ್ಕೂ ಮಂಡಕ್ಕಿ, ಹೂವು, ಚಿಲ್ಲರೆ ಕಾಸು ತೂರಿಕೊಂಡು ಹೋಗುತ್ತಾರಲ್ಲ! ಅಳಿಯನ ಡಬ್ಬಿಯನ್ನೂ ಯಾರಾದರೂ ಹಿಡಿಯಲ್ಲಿ ತೆಗೆದು ಸ್ವರ್ಗದ ಕಡೆಗೆ ತೂರಿಬಿಟ್ಟಿದ್ದರೆ?

ಸೈಕಲ್ಲನ್ನು ಹೋಟೆಲಿನಲ್ಲೇ ಬಿಟ್ಟು ಟಿವಿಎಸ್ಸಿನ ಹಿಂದೆ ಹತ್ತಿದೆ. ಹೊನ್ನಾಳಿಯವರೆಗೂ ಮುತ್ತುರಾಜ್ ‘ಸಾರಿ ಸಾರ್’ ಎನ್ನುತ್ತಲೇ ಇದ್ದ. ಸತ್ತವರ ಮನೆಯ ಬೀದಿಯಿಂದ ನಾವು ಮಂಡಕ್ಕಿಯ ಜಾಡು ಹಿಡಿದು ಹೊರಟೆವು. ಸರ್ವೆ ಇಲಾಖೆಯಲ್ಲಿ ಇಷ್ಟು ನಿಖರವಾದ ಗಡಿರೇಖೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದು ನೇರವಾಗಿ ರುದ್ರಭೂಮಿಗೆ ಮುಟ್ಟಿಸಿತು.

ಅಜ್ಜಿಯ ಮಣ್ಣು ಮುಗಿದು ಜನ ಹೊಂಗೆಮರದ ನೆರಳಲ್ಲಿ ಕೂತಿದ್ದರು. ‘ನಿಮ್ಮ ಅಜ್ಜಿಯ ಮಂಡಕ್ಕಿಯಲ್ಲಿ ನನ್ನ ಕಂಪ್ಯೂಟರ್ ಇತ್ತು’ ಎಂದು ಯಾವ ಬಾಯಲ್ಲಿ ಹೇಳುವುದು? ಮೆಲ್ಲಗೆ ಮೂಲೆಯಲ್ಲಿ ಮಂಡಿಯೂರಿ, ನೆಲದ ಮೇಲೆ ಚೆಲ್ಲಿದ್ದ ಮಂಡಕ್ಕಿಯನ್ನು ಕೈಯಿಂದ ಸರಿಸಿ ಸರಿಸಿ ಹುಡುಕತೊಡಗಿದೆ. ಡಬ್ಬಿ ಸಿಗಲಿಲ್ಲ. ಎಂಟಾಣೆ, ರೂಪಾಯಿ ಸಿಕ್ಕವು.

“ಏನ್ರೀ ಹಿರೀರೇ!” ಹಿಂದಿನಿಂದ ಗಡಸು ದನಿ. “ನೋಡಾಕೆ ಪೆನ್ಶನ್ ಬರೋ ಮನುಷ್ಯರ ಥರ ಅದೀರಿ. ಸತ್ತೋರ ಮೇಲಿನ ಕಾಸು ಆರಿಸ್ತೀರಲ್ಲ, ನಾಚ್ಕೆ ಆಗಲ್ವಾ?”

“ಕಾಸಲ್ಲಪ್ಪಾ, ನಾನು…”

ಮಾತು ಮುಗಿಯಲಿಲ್ಲ. ಗೇಟಿನ ಹತ್ತಿರ ಆಟೋ ನಿಂತಿತು. ಅದರೊಳಗಿಂದ ಆಕಾಶ ಬಿರಿಯುವಂಥ ರೋದನ!

“ಅಯ್ಯೋ ನನ್ನ ರಾಜಾ! ಹೇಳದೆ ಕೇಳದೆ ಹೋದ್ರಲ್ಲೋ! ಇಪ್ಪತ್ತು ತುಳೀತೀನಿ ಅಂದ್ರೆ ನಂಬಲಿಲ್ಲವಲ್ಲೋ ಈ ಪಾಪಿ! ಒಂದು ಡಬ್ಬಿಗೆ ಜೀವ ತೆತ್ತರಲ್ಲೋ!”

ಗಾದ್ರಮ್ಮ! ಹಿಂದೆ ಶಂಕ್ರಮ್ಮ. ಅವರ ಹಿಂದೆ ಅಳಿಯ ಪ್ರದೀಪ್. ಅವನು ಡಬ್ಬಿಗಾಗಿ ನಮ್ಮ ಮನೆಗೆ ಬರುತ್ತಿದ್ದವನು, ಅತ್ತೆಯ ಫೋನು ಬಂದು ಕಾರನ್ನು ಹೊನ್ನಾಳಿಯಲ್ಲೇ ರುದ್ರಭೂಮಿಯ ಕಡೆ ತಿರುಗಿಸಿದ್ದ. ಗಾದ್ರಮ್ಮ ಅಕ್ಕಪಕ್ಕ ನೋಡದೆ ಓಡಿ ಬಂದು ಹೊಸ ಮಣ್ಣಿನ ಮೇಲೆ ಬಿದ್ದು ಹೊರಳಾಡಿದಳು. ಅಜ್ಜಿಯ ಮನೆಯವರೆಲ್ಲ ತಬ್ಬಿಬ್ಬು. ಒಬ್ಬಳು ಸೊಸೆ ಇನ್ನೊಬ್ಬಳ ಕಿವಿಯಲ್ಲಿ, “ಯಾರೇ ಇವರು? ನಾವೇ ಇಷ್ಟು ಅತ್ತಿಲ್ಲ!” ಎಂದದ್ದು ನನಗೆ ಕೇಳಿಸಿತು.

ಬದುಕಿರುವಾಗ ಹೆಂಡತಿಯ ಬಾಯಲ್ಲಿ ‘ರಾಜಾ’ ಎಂದು ಕೇಳುವ ಭಾಗ್ಯ ಎಷ್ಟು ಗಂಡಂದಿರಿಗೆ ಇದೆ? ಇನ್ನೂ ಸ್ವಲ್ಪ ಕೇಳೋಣವೆನಿಸಿತು. ಆದರೆ ಶಂಕ್ರಮ್ಮನ ಕಣ್ಣು ನನ್ನ ಮೇಲೆ ಬಿತ್ತು.

“ಗಾದ್ರವ್ವಾ, ಅಲ್ಲಿ ನೋಡೇ! ಅಣ್ಣ ಅಲ್ಲಿ ಮಂಡಕ್ಕಿ ಆರಿಸ್ತಾ ಐತೆ!”

ಅಳು ನಿಂತಿತು. ಇಡೀ ರುದ್ರಭೂಮಿ ನನ್ನ ಕಡೆ ತಿರುಗಿತು. ಬಹುಶಃ ಮಣ್ಣಿನೊಳಗಿದ್ದವರೂ ತಿರುಗಿರಬೇಕು.

“ಬದುಕಿದ್ದೀರಾ?” ಎಂದಳು ಗಾದ್ರಮ್ಮ, ಎದ್ದು ಮಣ್ಣು ಕೊಡವಿಕೊಳ್ಳುತ್ತ.

“ಇದೀನಿ ಕಣೆ,” ಎಂದೆ, ಯಾವುದೋ ತಪ್ಪು ಒಪ್ಪಿಕೊಳ್ಳುವವನಂತೆ.

“ಹಂಗಾದ್ರೆ ಇಲ್ಲೇನು ಮಾಡ್ತಿದೀರಿ?”

ಅದೇ ಸಮಯಕ್ಕೆ ಹೊಂಗೆಯ ಕೆಳಗೆ ಖಾಲಿ ಚೀಲ ಮಡಚಿ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಚಂಗನೆ ನೆಗೆದರು. “ಯವ್ವೋ! ಕೆಳಗೆ ಏನೋ ಕೀಂ ಕೀಂ ಅಂತೈತೆ!” ಬ್ಯಾಟರಿ ಮುಗಿಯುತ್ತ ಬಂದ ಡಬ್ಬಿ ಚೀಲದ ತಳದಿಂದ ನನ್ನನ್ನು ಕರೆಯುತ್ತಿತ್ತು. ಪ್ರದೀಪ್ ಹೋಗಿ ಅದನ್ನು ಹೊರತೆಗೆದು, ಅಂಟಿದ್ದ ಮಂಡಕ್ಕಿ ಒರೆಸಿ ನೋಡಿದ. ಹುಡುಗನಿಗೆ ನಗು ತಡೆಯಲು ಕಷ್ಟವಾಗುತ್ತಿತ್ತು.

“ಮಾವಾ… ಎಂಟು ದಿನಕ್ಕೆ ನೂರಾ ಎರಡು ಕಿಲೋಮೀಟರ್!”

ಗೆದ್ದೆ! ಪಂದ್ಯ ಗೆದ್ದೆ! ಮಂಡಿಯೂರಿದಲ್ಲೇ ಎದೆಯುಬ್ಬಿಸಿದೆ. ಆದರೆ ಅವನು ಓದುವುದನ್ನು ನಿಲ್ಲಿಸಲಿಲ್ಲ.

“ಇವತ್ತು ಸುರಹೊನ್ನೆವರೆಗೆ ಗಂಟೆಗೆ ಒಂಬತ್ತು. ಅಲ್ಲಿ ಹದಿನೇಳು ನಿಮಿಷ ಹೋಟೆಲ್. ಅಲ್ಲಿಂದ ಮುಂದೆ ಗಂಟೆಗೆ ಮೂವತ್ತೆಂಟು. ನಿನ್ನೆ ಅದೇ ಹೋಟೆಲ್ ಐವತ್ತು ನಿಮಿಷ. ಮೊನ್ನೆ ಅರವತ್ತೆರಡು…”

“ಸಾಕು ನಿಲ್ಲಿಸಪ್ಪಾ!”

ಗಾದ್ರಮ್ಮ ಹತ್ತಿರ ಬಂದು ನನ್ನ ಗದ್ದದ ಮೇಲಿದ್ದ ಎಣ್ಣೆಯನ್ನು ಒಂದು ಬೆರಳಲ್ಲಿ ಒರೆಸಿ, ಮೂಸಿ ನೋಡಿದಳು. ಆ ಬೆರಳನ್ನು ನನ್ನ ಅಂಗಿಗೇ ಒರೆಸಿದಳು.

ಅಜ್ಜಿಯ ಮಗ ಕೈಮುಗಿದು ಬಂದರು. “ತಾಯೀ, ಯಾರೋ ಏನೋ ಗೊತ್ತಿಲ್ಲ. ನಮ್ಮವ್ವನಿಗೆ ಹೆಣ್ಣುಮಕ್ಕಳಿರಲಿಲ್ಲ. ಇವತ್ತು ನೀವು ಅತ್ತಿದ್ದು ಅವಳಿಗೆ ಮುಟ್ಟೈತೆ. ತಿಥಿಗೆ ತಪ್ಪದೆ ಬರಬೇಕು.” ನನ್ನ ಕಡೆ ತಿರುಗಿ, “ನೀವು ಬಂದ್ರೂ ನಡೀತೈತೆ,” ಎಂದರು.

ಕಾರಿನಲ್ಲಿ ಕೂತ ಮೇಲೆ ನಾನೇ ಬಾಯಿ ಬಿಟ್ಟೆ. ವಿವೇಕವುಳ್ಳವನಿಗೆ ಶರಣಾಗುವ ಸಮಯ ತಿಳಿದಿರುತ್ತದೆ.

“ಗಾದ್ರಿ, ಎಲ್ಲಾ ಯೋಚ್ನೆ ಮಾಡಿದೆ. ಆ ಡಬ್ಬಿ ನಮಗೆ ಬ್ಯಾಡ. ಅದಕ್ಕೆ ಕೊಡೋ ದುಡ್ಡು ದಂಡ. ಒಂದಕ್ಕೂ ಉಪಯೋಗ ಇಲ್ಲ, ಬದುಕಿರೋರನ್ನ ಸತ್ರು ಅಂತೈತೆ. ನಾನು ಗೆದ್ದಿದ್ರೂ ಬಿಟ್ಟುಕೊಡ್ತೀನಿ!”

“ಯಾಕ್ರೀ ಬ್ಯಾಡ? ನೂರು ತೋರಿಸೈತೆ, ಮಾತು ಅಂದ್ರೆ ಮಾತು,” ಎಂದಳು ಗಾದ್ರಮ್ಮ ಮುಂದಿನ ಸೀಟಿನಿಂದ. “ಎಂಟು ದಿನದಾಗೆ ಅದು ಒಂದು ಸುಳ್ಳೂ ಹೇಳಿಲ್ಲ. ನಲವತ್ತು ವರ್ಷದಾಗೆ ನಮ್ಮ ಮನೆಗೆ ಅಂಥಾದ್ದೊಂದು ಬಂದಿರಲಿಲ್ಲ. ಪ್ರದೀಪಪ್ಪಾ, ಈಗ್ಲೇ ಫೋನ್ ಮಾಡಿ ತರಿಸ್ಬಿಡ್ರಿ.”

ಅಳಿಯ ಗಾಡಿ ಬದಿಗೆ ಹಾಕಿ ಅಂಗಡಿಯವನಿಗೆ ಫೋನು ಹಚ್ಚಿದ. ಆ ಕಡೆಯಿಂದ ಅಂಗಡಿಯವನು ಬ್ಯಾಟರಿ, ಪರದೆ, ನಕ್ಷೆ ಎಂದು ಏನೇನೋ ವಿವರಿಸುತ್ತಿದ್ದ. ಗಾದ್ರಮ್ಮ ಫೋನನ್ನು ಕಿತ್ತುಕೊಂಡು ಒಂದೇ ಪ್ರಶ್ನೆ ಕೇಳಿದಳು:

“ಅದೆಲ್ಲಾ ಇರ್ಲಿ ಬಿಡಪ್ಪಾ. ಸೈಕಲ್ಲಿಗೆ ಹಾಕೋದು ಬ್ಯಾಡ. ಉಡಿದಾರಕ್ಕೆ ಕಟ್ಟಿದ್ರೆ ಬಿಚ್ಚಾಕೆ ಬರದಂಥದ್ದು ಯಾವುದಾದ್ರೂ ಐತಾ?”